ಒರೋಜಾಲಿಯ ಲಾರಿಗೆ ಪಾಲು ಹಾಕಿದ್ದು

ಬಾತ್ಮಾಳ ಮನೆಯಲ್ಲಿ ಬಾಗಿಲುಗಳಿಗೇನೂ ಕಡಿಮೆ ಇರಲಿಲ್ಲ. ಬೀದಿ ಬಾಗಿಲು, ಅಡುಗೆಮನೆ ಬಾಗಿಲು, ಕೊಟ್ಟಿಗೆ ಬಾಗಿಲು, ಮಗ ತಿಲೆಕ್ ಮದುವೆಯಾದ ವರ್ಷ ಕಟ್ಟಿಸಿದ ಹೊಸ ಕೋಣೆಯ ಬಾಗಿಲು. ಆದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ಕೊಕ್-ಜಾರ್ ಊರಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವವರು ಒಂದೋ ಹೆಣ ತೊಳೆಯುತ್ತಿರಬೇಕು, ಇಲ್ಲವೇ ಯಾರಿಗೂ ಕಾಣದ ಹಾಗೆ ಮಾಂಸ ತಿನ್ನುತ್ತಿರಬೇಕು. ಮಿಕ್ಕವರ ಮನೆಗೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬಾಗಿಲು ತಳ್ಳಿಕೊಂಡು ಬರುತ್ತಾರೆ, ಕೂರುತ್ತಾರೆ, ಚಹಾದ ಕಡೆ ನೋಡುತ್ತಾರೆ.

ಒಳಗಿನಿಂದ ಗುಂಡಿ ಒತ್ತಿ ಭದ್ರ ಮಾಡಿಕೊಳ್ಳಬಹುದಾದ ಬಾಗಿಲು ಆ ಅಂಗಳದಲ್ಲಿ ಇದ್ದದ್ದು ಒಂದೇ. ಅದು ಲಾರಿಯದು.

ಲಾರಿ ನೀಲಿ ಬಣ್ಣದ್ದು, ಮೂತಿ ಬಿಳಿ. ಅಂಗಳದ ನಟ್ಟನಡುವೆ ನಿಂತಿತ್ತು. ಒಂದು ವರ್ಷ ಬೇಸಿಗೆಯ ಹುಲ್ಲುಗಾವಲಿನಿಂದ ಗುಡಾರ, ಕಂಬಳಿ, ಹಂಡೆ, ಎರಡು ಕರು ಎಲ್ಲವನ್ನೂ ಹೇರಿಕೊಂಡು ಬೆಟ್ಟ ಇಳಿದು ಬಂದದ್ದು, ಅಂಗಳ ಮುಟ್ಟಿದ್ದೇ ತಡ, ಹೊಟ್ಟೆಯೊಳಗೆ ಯಾರೋ ಪಾತ್ರೆ ಎಸೆದ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಬಾತ್ಮಾಳ ಗಂಡ ಒರೋಜಾಲಿ ಕೆಳಗಿಳಿದ, ಬಾನೆಟ್ ಎತ್ತಿದ, ನೋಡಿದ, ಮುಚ್ಚಿದ. “ನಾಳೆ ನೋಡ್ತೀನಿ” ಅಂದ. ಮರುದಿನ ನೋಡಿದ. ಅದರ ಮರುದಿನವೂ ನೋಡಿದ. ಸಾಯುವವರೆಗೆ ದಿನಾ ನೋಡಿದ. ಆಡಿದ ಮಾತಿಗೆ ತಪ್ಪಿದ ಮನುಷ್ಯ ಅಲ್ಲ ಅವನು.

ಬಾತ್ಮಾ ಕುರಿ ಕಾಯುವವನ ಮಗಳು. ಮೇಲಿನ ಬೆಟ್ಟದಿಂದ ಮದುವೆಯಾಗಿ ಬಂದದ್ದು ಇದೇ ಲಾರಿಯಲ್ಲಿ. ಆಗ ಅದು ಸರಕಾರದ ಸಾಮೂಹಿಕ ಬೇಸಾಯದ ಲಾರಿ, ಒರೋಜಾಲಿ ಅದರ ಡ್ರೈವರ್. ಮದುವೆಯ ದಿನವೂ ಹಿಂದುಗಡೆ ಉಣ್ಣೆ ಮೂಟೆ ತುಂಬಿತ್ತು. ಸುಮ್ಮನೆ ಖಾಲಿ ಗಾಡಿ ಓಡಿಸಿದರೆ ಮೇಲಿನವರು ಬೈಯುತ್ತಾರೆ ಅಂತ. ಮುಂದೆ ಸಾಮೂಹಿಕ ಬೇಸಾಯ ಒಡೆದುಹೋಯಿತು, ಊರವರೆಲ್ಲ ಕುರಿ, ಟ್ರ್ಯಾಕ್ಟರು, ಕೊಟ್ಟಿಗೆಯ ಹೆಂಚು ಎಲ್ಲ ಹಂಚಿಕೊಂಡರು. ಆಗ ಈ ಲಾರಿ ಒರೋಜಾಲಿಯ ಪಾಲಿಗೆ ಬರಲಿಲ್ಲ. ಅವನು, ಅವನ ಅಣ್ಣ, ತಂಗಿ, ಚಿಕ್ಕಪ್ಪನ ಮಗ, ಹೀಗೆ ನಾಲ್ಕು ಮನೆಯ ಪಾಲಿಗೆ ಒಟ್ಟಾಗಿ ಬಂತು. ಓಡಿಸಲು ಬರುತ್ತಿದ್ದವನು ಅವನೊಬ್ಬನೇ ಆದ್ದರಿಂದ ಅವನ ಅಂಗಳದಲ್ಲಿ ನಿಂತಿತು. ನಾಲ್ಕು ಮನೆಯ ಕಲ್ಲಿದ್ದಲು, ಹುಲ್ಲು, ಕುರಿ, ಹೆಣ, ಮದುಮಗಳು ಎಲ್ಲವೂ ಅದರಲ್ಲೇ ಹೋದವು, ಅದರಲ್ಲೇ ಬಂದವು.

ಬಾತ್ಮಾಳ ಎರಡನೇ ಮಗಳು ಹುಟ್ಟಿದ್ದು ಕಣಿವೆಯ ತುದಿಯಲ್ಲಿ, ಆ ಲಾರಿಯ ಕ್ಯಾಬಿನ್ನಿನಲ್ಲಿ. ಅಷ್ಟು ಹೊತ್ತೂ ಒರೋಜಾಲಿ ಹೊರಗೆ ಬಾನೆಟ್ ಎತ್ತಿಕೊಂಡು ಎಂಜಿನ್ ನೋಡುತ್ತ ನಿಂತಿದ್ದ. ಎಂಜಿನ್‌ಗೆ ಏನೂ ಆಗಿರಲಿಲ್ಲ.

ಆಚೆಯವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಬಾತ್ಮಾ ಮತ್ತು ಒರೋಜಾಲಿ ಸಂಸಾರ ಮಾಡಿದ್ದೇ ಆ ಕ್ಯಾಬಿನ್ನಿನಲ್ಲಿ. ಮನೆ ಇದ್ದದ್ದು ನೆಂಟರಿಗೆ. ಮನೆಯಲ್ಲಿ ಅತ್ತೆ, ಮಾವ, ಭಾವ, ನಾದಿನಿ, ಬಂದವರು, ಹೋದವರು. ಅವರ ಮುಂದೆ ಗಂಡ ಹೆಂಡತಿ ಮಾತಾಡಿಕೊಳ್ಳುವುದು ನಮ್ಮ ಕಡೆ ಸಭ್ಯತೆಯಲ್ಲ. “ಹುಲ್ಲು ಮುಗೀತು ಅಂತ ನಿಮ್ಮಪ್ಪಂಗೆ ಹೇಳು” ಎಂದು ಮಗುವಿನ ಕೈಲಿ ಹೇಳಿಕಳಿಸಬೇಕು, ಅಪ್ಪ ಎದುರಿಗೇ ಕೂತಿದ್ದರೂ. ಕ್ಯಾಬಿನ್ನಿನಲ್ಲಿ ಹಾಗಲ್ಲ. ಕಣಿವೆ ಹತ್ತುವಾಗ ಲಾರಿಯ ಗದ್ದಲಕ್ಕೆ ಕೂಗಿಯೇ ಮಾತಾಡಬೇಕಿತ್ತು. ತನ್ನ ಗಂಡನಿಗೆ ತನ್ನ ಮನಸ್ಸಿನಲ್ಲಿರುವುದನ್ನು ಕೂಗಿ ಹೇಳುವ ಸುಖ ಆ ಊರಿನಲ್ಲಿ ಬಾತ್ಮಾಳೊಬ್ಬಳಿಗೇ ಇತ್ತು.

ಲಾರಿ ನಿಂತ ಮೇಲೂ ಆ ಅಭ್ಯಾಸ ನಿಲ್ಲಲಿಲ್ಲ. ಮಧ್ಯಾಹ್ನದ ಚಹಾ ಆದ ಮೇಲೆ ಒರೋಜಾಲಿ “ಎಂಜಿನ್ ನೋಡ್ತೀನಿ” ಎಂದು ಹೋಗುತ್ತಿದ್ದ. ಸ್ವಲ್ಪ ಹೊತ್ತಿಗೆ ಬಾತ್ಮಾ “ಇಕ್ಕಳ ಕೊಟ್ಟು ಬರ್ತೀನಿ” ಎಂದು ಹೋಗುತ್ತಿದ್ದಳು. ಇಬ್ಬರೂ ಮೇಲೆ ಹತ್ತಿ, ಬಾಗಿಲಿನ ಗುಂಡಿ ಒತ್ತಿ, ಎದುರಿನ ಗಾಜಿನ ಮೂಲಕ ಕೊಟ್ಟಿಗೆಯ ಗೋಡೆ ನೋಡುತ್ತ ಕೂರುತ್ತಿದ್ದರು. ಗದ್ದಲ ಇಲ್ಲದ್ದರಿಂದ ಈಗ ಕೂಗುವ ಅಗತ್ಯ ಇರಲಿಲ್ಲ. ಮಾತಾಡುವ ಅಗತ್ಯವೂ ಅಷ್ಟೇನೂ ಇರಲಿಲ್ಲ.

ಹೋದ ಶರತ್ಕಾಲದಲ್ಲಿ, ಹುಲ್ಲು ಒಟ್ಟಿದ ಮೇಲೆ, ಒರೋಜಾಲಿ ತೀರಿಕೊಂಡ. ಬಾತ್ಮಾ ಮುಂದಿನ ಮಧ್ಯಾಹ್ನಗಳಲ್ಲಿ ಒಬ್ಬಳೇ ಹೋಗಿ ಕೂರತೊಡಗಿದಳು. ಅಲ್ಲಿ ಅವಳು ಏನೂ ಮಾಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಅಳುವುದನ್ನು ಅವಳು ಶಾಸ್ತ್ರಪ್ರಕಾರ, ಬೆಳಗಿನ ಜಾವ, ಗೋಡೆಗೆ ಮುಖ ಮಾಡಿ, ರಾಗವಾಗಿ, ನಾಲ್ಕು ಮನೆಗೂ ಕೇಳುವ ಹಾಗೆ ಮಾಡಿ ಮುಗಿಸಿದ್ದಳು. ಕ್ಯಾಬಿನ್ನಿನಲ್ಲಿ ಅವಳು ಒಣಮೊಸರಿನ ಉಂಡೆ ಒಂದನ್ನು ದವಡೆಗೆ ಸೇರಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ. ದಿನವೆಲ್ಲ ಹತ್ತು ಜನರ ಬಟ್ಟಲಿಗೆ ಚಹಾ ಬಗ್ಗಿಸುವವಳಿಗೆ ಅಷ್ಟು ಹೊತ್ತು ಯಾರೂ ಏನೂ ಕೇಳದೆ ಇರುವುದು ದೊಡ್ಡದು.

ಊರಿನವರು ಮಾತ್ರ ಅವಳು ಅಳುತ್ತಾಳೆ ಎಂದೇ ತಿಳಿದಿದ್ದರು. ಗಂಡ ಸತ್ತು ವರ್ಷ ತುಂಬದವಳು “ಇಲ್ಲ, ನಾನು ಅಳ್ತಿಲ್ಲ” ಎಂದು ಎದ್ದು ಹೇಳುವುದಾದರೂ ಹೇಗೆ? ಅವಳು ತಿದ್ದಲಿಲ್ಲ.

ವರ್ಷ ತುಂಬುವ ದಿನ ಹತ್ತಿರ ಬಂತು. ವರ್ಷದೂಟ ಎಂದರೆ ಮೂರು ಕಣಿವೆಯ ಜನ ಬರುತ್ತಾರೆ. ಅಂಗಳದಲ್ಲಿ ಉಣ್ಣೆಯ ಗುಡಾರಗಳನ್ನು ನಿಲ್ಲಿಸಬೇಕು. ದೊಡ್ಡ ಗುಡಾರ ನಿಲ್ಲುವಂಥ ಸಮತಟ್ಟು ಜಾಗ ಅಂಗಳದಲ್ಲಿ ಇದ್ದದ್ದು ಒಂದೇ ಕಡೆ. ಅಲ್ಲಿ ಲಾರಿ ನಿಂತಿತ್ತು. ಅದರ ಟೈರುಗಳು ಕೊಳೆತು, ರಿಮ್ಮುಗಳು ನೆಲಕ್ಕೆ ಬೇರು ಬಿಟ್ಟಿದ್ದವು. ನೂಕಿದರೆ ಅಲುಗುವಂಥದಲ್ಲ.

ನಾಲ್ಕು ಮನೆಯವರೂ ಚಹಾಕ್ಕೆ ಸೇರಿದರು. ಮೇಲಿನ ಜಾಗದಲ್ಲಿ, ಕಂಬಳಿಗಳ ರಾಶಿಗೆ ಒರಗಿ, ಒರೋಜಾಲಿಯ ಅಣ್ಣ ಸುಲ್ತಾನ್‌ಕುಲ್ ಕೂತ. ಬಿಳಿ ಗಡ್ಡ, ಬಿಳಿ ಟೊಪ್ಪಿ, ಕಮ್ಮಿ ಮಾತು. ಅವನ ಎಡಕ್ಕೆ ಚಿಕ್ಕಪ್ಪನ ಮಗ ಜುಮಾದಿಲ್. ಗುಜರಿ ಸಾಮಾನು ಕೊಂಡು ಮಾರುವವನು, ಏನನ್ನು ಕಂಡರೂ ಮೊದಲು ಅದರ ತೂಕ ಅಂದಾಜು ಮಾಡುವವನು. ಬಾಗಿಲ ಕಡೆಗೆ ಒರೋಜಾಲಿಯ ತಂಗಿ ಬುರುಲ್ಚಾ. ಅವಳ ನಾಲಗೆಗೆ ಹೆದರಿ ಊರಿನ ನಾಯಿಗಳೂ ದಾರಿ ಬಿಡುತ್ತವೆ ಅಂತ ಅವಳ ಗಂಡನೇ ಹೇಳುತ್ತಿದ್ದ. ತಿಲೆಕ್ ಗೋಡೆ ಪಕ್ಕ. ಅವನ ಹೆಂಡತಿ ಜಾರ್ಕಿನ್ ಚಹಾ ಬಗ್ಗಿಸುತ್ತಿದ್ದಳು. ಬಾತ್ಮಾ ಭಾವನಿಗೆ ಬೆನ್ನು ಹಾಕದ ಹಾಗೆ, ಎದುರೂ ಕೂರದ ಹಾಗೆ, ಓರೆಯಾಗಿ ಕೂತಿದ್ದಳು. ಮದುವೆಯಾದ ದಿನದಿಂದ ಹಾಗೆ ಕೂತು ಕೂತು ಅವಳ ಸೊಂಟ ಒಂದು ಕಡೆಗೆ ಸ್ವಲ್ಪ ವಾಲಿತ್ತು.

“ಗುಜರಿಗೆ ಹಾಕೋಣ, ಅಕೆ,” ಅಂದ ಜುಮಾದಿಲ್. ನಮ್ಮ ಕಡೆ ಹಿರಿಯ ಗಂಡಸರನ್ನು ಅಕೆ ಎನ್ನುತ್ತಾರೆ. “ಎರಡು ದಿನದಲ್ಲಿ ಖಾಲಿ ಮಾಡಿ ಕೊಡ್ತೀನಿ. ಅಂಗಳ ಗುಡಿಸಿದ ಹಾಗಾಗುತ್ತೆ.”

“ಅಪ್ಪನ ಲಾರಿ ಗುಜರಿಗಾ?” ಅಂದ ತಿಲೆಕ್. “ರಿಪೇರಿ ಮಾಡಿಸಬಹುದು. ಎಂಜಿನ್ ಒಂದು ಬೇರೆ ಹಾಕಿದ್ರೆ, ಟೈರು ಬದಲಾಯಿಸಿದ್ರೆ, ಬ್ರೇಕು, ಗೇರುಪೆಟ್ಟಿಗೆ ಸ್ವಲ್ಪ ನೋಡಿದ್ರೆ…”

“ಬಣ್ಣ ಚೆನ್ನಾಗಿದೆ ಅಲ್ವಾ?” ಅಂದಳು ಬುರುಲ್ಚಾ. “ಬಣ್ಣ ಒಂದು ಇಟ್ಕೊಂಡು ಮಿಕ್ಕಿದ್ದೆಲ್ಲ ಬದಲಾಯಿಸು, ಮಗಾ.”

“ಅತ್ತೆ, ನೀವು ಹಂಗೆಲ್ಲ ಹೇಳ್ಬೇಡಿ.”

“ನಾನೇನು ಹೇಳ್ದೆ? ಕೋಳಿಗೂಡು ಮಾಡಿ ಅಂತೀನಿ.”

“ಕೋಳಿಗಳು ಆಗ್ಲೇ ಮಾಡ್ಕೊಂಡಿವೆ,” ಅಂದಳು ಜಾರ್ಕಿನ್, ಬಟ್ಟಲಿನಿಂದ ಕಣ್ಣೆತ್ತದೆ.

“ಏನೋ ಒಂದು ಮಾಡಿ ಅದನ್ನ ಕಣ್ಣಮುಂದಿಂದ ತೆಗೀರಿ,” ಅಂದಳು ಬುರುಲ್ಚಾ. “ನಮ್ಮ ಅತ್ತಿಗೆ ದಿನಾ ಅದರೊಳಗೆ ಕೂತು ಅತ್ತೂ ಅತ್ತೂ ಕಣ್ಣು ಕಳ್ಕೊತಿದಾಳೆ. ಅದು ಹೋದ್ರೆ ದುಃಖಾನೂ ಹೋಗುತ್ತೆ. ಅಲ್ವಾ, ಅತ್ತಿಗೆ?”

ಎಲ್ಲರೂ ಬಾತ್ಮಾಳನ್ನು ನೋಡಿದರು. ಬಾತ್ಮಾ ತನ್ನ ಬಟ್ಟಲನ್ನು ನೋಡಿದಳು. ಅಷ್ಟು ಜನ ತನ್ನ ಒಳ್ಳೆಯದಕ್ಕೆಂದೇ ತನ್ನ ಒಂದೇ ಒಂದು ಬಾಗಿಲನ್ನು ಕಿತ್ತುಕೊಳ್ಳಲು ಕೂತಿದ್ದಾರೆ. ಏನು ಹೇಳುವುದು? ನಿಮ್ಮೆಲ್ಲರಿಂದ ದೂರ ಕೂರುವುದಕ್ಕೆ ನನಗೆ ಅದು ಬೇಕು ಅಂತ ಹೇಳುವುದೇ?

“ಹಿರಿಯರು ಹೇಳಿದ ಹಾಗೆ,” ಅಂದಳು.

ಹಿರಿಯ ಇನ್ನೂ ಏನೂ ಹೇಳಿರಲಿಲ್ಲ. ಸುಲ್ತಾನ್‌ಕುಲ್ ಬಟ್ಟಲನ್ನು ಕೆಳಗಿಟ್ಟ, ಗಡ್ಡ ನೀವಿದ, ಮತ್ತೆ ಬಟ್ಟಲು ತೆಗೆದುಕೊಂಡ.

“ನನ್ನ ತಮ್ಮನಿಗೆ ಕುದುರೆ ಇತ್ತಾ?” ಅಂದ.

ಕುದುರೆ ಇರಲಿಲ್ಲ. ಒರೋಜಾಲಿ ಹುಡುಗನಿದ್ದಾಗ ಕುದುರೆಯಿಂದ ಬಿದ್ದವನು ಮತ್ತೆ ಹತ್ತಿರಲಿಲ್ಲ. ಇಡೀ ಕಣಿವೆಯಲ್ಲಿ ಕುದುರೆ ಇಲ್ಲದ ಗಂಡಸು ಅವನೊಬ್ಬನೇ.

“ಕುದುರೆ ಇಲ್ದೆ ಇರೋ ಮನುಷ್ಯ ಇಷ್ಟು ವರ್ಷ ಯಾವುದರ ಮೇಲೆ ಕೂತು ಓಡಾಡಿದ?”

“ಲಾರಿ ಮೇಲೆ,” ಅಂದ ಜುಮಾದಿಲ್.

“ಹಂಗಾದ್ರೆ ಅವನ ಕುದುರೆ ಅದು. ಸತ್ತವನ ಕುದುರೆಯನ್ನ ಗುಜರಿಯವನಿಗೆ ಮಾರ್ತಾರಾ? ಬೇರೆಯವರು ಹತ್ತಿ ಓಡಿಸ್ತಾರಾ? ವರ್ಷದೂಟಕ್ಕೆ ಕಡಿದು ಮನೆಮನೆಗೆ ಪಾಲು ಹಾಕ್ತಾರೆ. ನಮ್ಮಪ್ಪನ ಕೆಂಚುಕುದುರೆಗೆ ಹಂಗೇ ಮಾಡಿದ್ವಿ. ಇದಕ್ಕೂ ಹಂಗೇ ಮಾಡೋದು.”

ಹಿರಿಯನ ಬಾಯಿಂದ ಬಂದ ಮಾತು. ಮೇಲಾಗಿ ಅದರಲ್ಲಿ ತಪ್ಪು ಎಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಜುಮಾದಿಲ್ ಮಾತ್ರ ಎದ್ದು ಹೋಗಿ ಊರಿನ ಮುಲ್ಲಾನನ್ನು ಕೇಳಿ ಬಂದ. ಮುಲ್ಲಾ ಬಹಳ ಹೊತ್ತು ಯೋಚಿಸಿ, ಗ್ರಂಥದಲ್ಲಿ ಲಾರಿಗೆ ವಿರೋಧವಾಗಿ ಏನೂ ಬರೆದಿಲ್ಲ ಎಂದನಂತೆ.

ಇನ್ನು ಪಾಲು ಹಾಕುವುದು. ಮಾಂಸ ಬಡಿಸುವುದರಲ್ಲಿ ನಮ್ಮವರು ಬಹಳ ಕಟ್ಟುನಿಟ್ಟು. ಯಾವ ಎಲುಬು ಯಾರಿಗೆ ಎಂಬುದು ಹುಟ್ಟುವಾಗಲೇ ಗೊತ್ತಾಗಿಬಿಡುತ್ತದೆ. ತಲೆ ಎಲ್ಲರಿಗಿಂತ ಹಿರಿಯನಿಗೆ, ಹಿಂಭಾಗ ಮನೆಯ ಹಿರಿಯ ಹೆಂಗಸಿಗೆ, ಎದೆ ಮನೆಯ ಹೆಣ್ಣುಮಗಳಿಗೆ, ಕಾಲು ಕಿರಿಯರಿಗೆ. ಹಸಿವಾಗಿದೆ, ನನಗೆ ಇಂಥದು ಕೊಡಿ ಎಂದು ಕೇಳುವ ಹಾಗಿಲ್ಲ. ಕೇಳಿದವನ ಹೆಸರನ್ನು ಮೊಮ್ಮಕ್ಕಳ ಕಾಲದವರೆಗೂ ನೆನೆಯುತ್ತಾರೆ. ಕೊಟ್ಟದ್ದನ್ನು ಬೇಡ ಎನ್ನುವ ಹಾಗೂ ಇಲ್ಲ. ತಿನ್ನಲಾಗದಿದ್ದರೆ ಕಟ್ಟಿಕೊಂಡು ಮನೆಗೆ ಒಯ್ಯಬೇಕು.

“ಹಂಗಾದ್ರೆ ಇದರ ತಲೆ ಯಾವುದು, ಅಕೆ?” ಅಂದ ಜುಮಾದಿಲ್. “ಎಂಜಿನ್ ಅಲ್ವಾ? ಎಲ್ಲದಕ್ಕೂ ಅದೇ ತಾನೆ ಮೂಲ.”

“ಕಣ್ಣೆಲ್ಲಿದೆ?”

“ಕಣ್ಣು… ಗಾಜು ಕ್ಯಾಬಿನ್ನಿಗೆ.”

“ಕಿವಿ?”

“ಕನ್ನಡಿ ಎರಡೂ ಕ್ಯಾಬಿನ್ನಿಗೇ ಇವೆ.”

“ಕಣ್ಣು ಕಿವಿ ಎರಡೂ ಇದ್ದಲ್ಲಿ ತಲೆ. ಎಂಜಿನ್ ಕರುಳು-ಈಲಿ ಇದ್ದ ಹಾಗೆ. ಅದು ಪಾಲಿಗಲ್ಲ, ಎಲ್ಲರದು.”

ಬಾತ್ಮಾಳ ಕೈಯಲ್ಲಿದ್ದ ಬಟ್ಟಲು ತಣ್ಣಗಾಗಿತ್ತು. ಕ್ಯಾಬಿನ್ ತಲೆಯಾದರೆ ಅದು ಭಾವನ ಪಾಲು. ಅವನ ಮನೆ ಊರಿನ ಆ ಕೊನೆಗೆ, ಹೊಳೆಯ ಆಚೆ. ಅವಳ ಪಾಲಿಗೆ ಬರುವುದು ಲಾರಿಯ ಹಿಂಭಾಗ. ಹಲಗೆಯ ತೊಟ್ಟಿ, ನಾಲ್ಕು ಕಡೆ ಗೋಡೆ, ಮೇಲೆ ಆಕಾಶ, ಬಾಗಿಲು ಇಲ್ಲ.

“ಅತ್ತಿಗೆ, ಮುಖ ಯಾಕೆ ಹಂಗೆ ಮಾಡ್ಕೊಂಡಿದೀಯ?” ಅಂದಳು ಬುರುಲ್ಚಾ. “ಏನಾದ್ರೂ ಬೇಕಿದ್ರೆ ಬಾಯಿಬಿಟ್ಟು ಕೇಳು.”

ಬುರುಲ್ಚಾ ಇಂಥ ಗುಂಡಿಗಳನ್ನು ತೋಡಿ ಮೇಲೆ ಹುಲ್ಲು ಹಾಸಿಡುವುದರಲ್ಲಿ ನಿಪುಣೆ.

“ಕೊಟ್ಟದ್ದು ಬೇಕು,” ಅಂದಳು ಬಾತ್ಮಾ.

ಎರಡು ದಿನ ಬಿಟ್ಟು ಜುಮಾದಿಲ್ ಗ್ಯಾಸ್ ಸಿಲಿಂಡರು, ಕತ್ತರಿಸುವ ಕೊಳವೆ ಎಲ್ಲ ತಂದ. ಕಡಿಯುವ ಮೊದಲು ಪ್ರಾಣಿಯ ಮುಖವನ್ನು ಕಿಬ್ಲಾದ, ಅಂದರೆ ಮೆಕ್ಕಾದ, ಕಡೆ ತಿರುಗಿಸಬೇಕಲ್ಲ ಎಂದು ತಿಲೆಕ್ ಪೇಚಾಡಿದ. ನೋಡಿದರೆ ಲಾರಿ ಮೊದಲಿನಿಂದಲೂ ಆ ಕಡೆಗೇ ಮುಖ ಮಾಡಿ ನಿಂತಿತ್ತು. ಒರೋಜಾಲಿ ಇಳಿಜಾರು ನೋಡಿ ನಿಲ್ಲಿಸಿದ್ದ. ಆದರೆ ಈಗ ಎಲ್ಲರೂ ಅವನ ದೂರದೃಷ್ಟಿಯನ್ನು ಹೊಗಳಿದರು. ಸುಲ್ತಾನ್‌ಕುಲ್ ಅಂಗೈ ಬಿಚ್ಚಿ ಹರಸಿದ. ಎಲ್ಲರೂ ಮುಖದ ಮೇಲೆ ಕೈಯಾಡಿಸಿಕೊಂಡರು. ಜುಮಾದಿಲ್ ಕಪ್ಪು ಕನ್ನಡಕ ಹಾಕಿಕೊಂಡು ಬೆಂಕಿ ಹಚ್ಚಿದ.

ಸಂಜೆಯ ಹೊತ್ತಿಗೆ ಲಾರಿ ಅಂಗಳದ ತುಂಬ ಹರಡಿಕೊಂಡಿತ್ತು. ರೇಡಿಯೇಟರ್ ಮತ್ತು ಬಿಳಿ ಮೂತಿ ಎದೆ ಎಂದು ತೀರ್ಮಾನವಾಗಿ ಬುರುಲ್ಚಾಳಿಗೆ ಹೋಯಿತು. ಅವಳು ಅದನ್ನು ಏನು ಮಾಡಬೇಕೆಂದು ತಿಳಿಯದೆ, ಆದರೆ ತನ್ನ ತವರಿನ ಗೌರವ ಬಿಡಲಾರದೆ, ಕೈಗಾಡಿಯಲ್ಲಿ ಮನೆಗೆ ಒಯ್ದಳು. ಉದ್ದನೆಯ ಚಾಸಿ ಬೆನ್ನೆಲುಬು, ತಿಲೆಕ್‌ಗೆ. ಜುಮಾದಿಲ್ ಲಾರಿಯ ನಾಲ್ವರು ಪಾಲುದಾರರಲ್ಲಿ ಎಲ್ಲರಿಗಿಂತ ಕಿರಿಯನಾದ್ದರಿಂದ ಅವನಿಗೆ ಕಾಲು ಬಂತು. ಕೊಳೆತ ಟೈರು, ಮಣ್ಣು ಹಿಡಿದ ರಿಮ್ಮು. ಇಷ್ಟು ಕಬ್ಬಿಣವನ್ನು ತನ್ನ ಗ್ಯಾಸ್ ಸುಟ್ಟು ತಾನೇ ಕಡಿದು ಕೊನೆಗೆ ರಬ್ಬರು ಪಡೆದವನು ಅವನು. ಆದರೂ ಎದೆಯ ಮೇಲೆ ಕೈಯಿಟ್ಟು “ರಹ್ಮತ್” ಎಂದು ಕೃತಜ್ಞತೆ ಹೇಳಿದ. ಹಿಂದಿನ ತೊಟ್ಟಿಯನ್ನು ಬಾತ್ಮಾಳಿಗೆ ಕೊಟ್ಟರು. ಅವಳೂ ಕೈಯಿಟ್ಟು ತಲೆಬಾಗಿದಳು. ಕ್ಯಾಬಿನ್ನನ್ನು ಎಲ್ಲರೂ ಸೇರಿ ಮರದ ದಿಮ್ಮಿಗಳ ಮೇಲೆ ಉರುಳಿಸಿ ಕೊಟ್ಟಿಗೆಯ ಗೋಡೆಯ ಪಕ್ಕ ತಂದಿಟ್ಟರು. ಈಗ ಅದು ನೆಲದ ಮೇಲೇ ಕೂತಿತ್ತು. ಹತ್ತಲು ಮೆಟ್ಟಿಲು ಬೇಕಿರಲಿಲ್ಲ.

“ನಾಳೆ ಟ್ರ್ಯಾಕ್ಟರ್ ಟ್ರೇಲರ್ ಕಳಿಸ್ತೀನಿ,” ಅಂದ ಸುಲ್ತಾನ್‌ಕುಲ್. ಅವನಿಗೆ ಆ ಕ್ಯಾಬಿನ್ ಬೇಕಿತ್ತು ಎಂದಲ್ಲ. ತಮ್ಮನ ಕುದುರೆಯ ತಲೆ ತನಗೆ ಬಂದಿದೆ, ಒಯ್ಯದಿದ್ದರೆ ಮನೆಗೆ ಅವಮಾನ.

ಆಗ ಬಾತ್ಮಾ ಓರೆಯಾಗಿ ನಿಂತೇ ಹೇಳಿದಳು, “ಅಕೆ, ತಲೆಯನ್ನ ಹಂಗೇ ಕೊಡೋದಾ?”

“ಹಂಗೇ ಅಂದ್ರೆ?”

“ಕೂದಲು ಸುಟ್ಟಿಲ್ಲ, ಹೆರೆದಿಲ್ಲ, ತೊಳೆದಿಲ್ಲ. ಕುರಿಯ ತಲೆಯನ್ನೇ ಮೂರು ನೀರಲ್ಲಿ ತೊಳೆದು ಕೊಡ್ತೀವಿ. ಅವರ ಕುದುರೆ ತಲೆಯನ್ನ ಕೋಳಿ ಹಿಕ್ಕೆ ಸಮೇತ ನಿಮ್ಮ ಮನೆಗೆ ಕಳಿಸಿದ್ರೆ ನಾಳೆ ಹೊಳೆ ಆಚೆಯವರು ಏನಂತಾರೆ? ಒರೋಜಾಲಿ ಹೋದ, ಅವನ ಮನೇಲಿ ಹೆಂಗಸರೂ ಇಲ್ಲ ಅಂತಾರೆ.”

ಸುಲ್ತಾನ್‌ಕುಲ್ ಕ್ಯಾಬಿನ್ನಿನ ಒಳಗೆ ಇಣುಕಿದ. ಕೋಳಿ ಹಿಕ್ಕೆ ಇತ್ತು. ತಲೆ ಶುಚಿ ಮಾಡುವುದು ಆ ಮನೆಯ ಹೆಂಗಸಿನ ಕೆಲಸ. ಅದರಲ್ಲಿ ಎರಡು ಮಾತಿಲ್ಲ.

“ಸರಿ ಕೆಲಿನ್, ತೊಳೆದಿಡು,” ಅಂದ ಸುಲ್ತಾನ್‌ಕುಲ್. ಕೆಲಿನ್ ಅಂದರೆ ಮನೆಗೆ ಬಂದ ಸೊಸೆ. ಬಾತ್ಮಾ ಅಜ್ಜಿಯಾಗಿ ಎಷ್ಟೋ ಕಾಲವಾದರೂ ಅವನಿಗೆ ಅವಳು ಕೆಲಿನ್.

ವರ್ಷದೂಟ ಚೆನ್ನಾಗಿ ಆಯಿತು. ಗುಡಾರ ನಿಂತಿತು, ಜನ ಉಂಡರು, ಎಲುಬು ಕಟ್ಟಿಕೊಂಡು ಹೋದರು. ಕೊನೆಯ ಅತಿಥಿ ಬೀದಿ ದಾಟಿದ್ದೇ ಬಾತ್ಮಾ ಒಂದು ಬಕೆಟ್ ನೀರು, ಒಂದು ಚಿಂದಿ ಹಿಡಿದು ಕ್ಯಾಬಿನ್ನಿಗೆ ಹೋದಳು, ಬಾಗಿಲ ಗುಂಡಿ ಒತ್ತಿದಳು, ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕೂತಳು.

ಮೊದಲ ವಾರ ಅವಳಿಗೆ ಸ್ವರ್ಗ. ಹಿರಿಯ ಹೆಂಗಸರನ್ನು ನಮ್ಮಲ್ಲಿ ಅಪಾ ಎನ್ನುತ್ತಾರೆ; “ಅಪಾ ಎಲ್ಲಿ?” ಎಂದು ಯಾರಾದರೂ ಬಂದರೆ ಜಾರ್ಕಿನ್ “ತಲೆ ತೊಳೀತಿದಾರೆ” ಅನ್ನುತ್ತಿದ್ದಳು. ಬಂದವರು ಗೌರವದಿಂದ ದನಿ ತಗ್ಗಿಸುತ್ತಿದ್ದರು.

ಆದರೆ ಸುಳ್ಳು ಹೇಳಿ ಕೂರುವ ಜಾತಿಯಲ್ಲ ಬಾತ್ಮಾ. ತೊಳೆಯುತ್ತೇನೆ ಎಂದ ಮೇಲೆ ದಿನಾ ಸ್ವಲ್ಪವಾದರೂ ತೊಳೆಯಲೇಬೇಕಲ್ಲ. ಹಿಕ್ಕೆ ಹೆರೆದಳು. ಸೀಟಿನ ಅಡಿಯ ಧೂಳು ತೆಗೆದಳು. ತುಕ್ಕನ್ನು ಮರಳಿನಲ್ಲಿ ತಿಕ್ಕಿದಳು. ಅದೆಲ್ಲ ಮುಗಿದ ಮೇಲೆ ಉಳಿದದ್ದು ಗಾಜು. ಎಷ್ಟೋ ವರ್ಷದ ಧೂಳು, ಎಣ್ಣೆ, ಹೊಗೆ ಪದರಪದರವಾಗಿ ಕೂತು ಗಾಜು ಕಂದು ಬಣ್ಣಕ್ಕೆ ತಿರುಗಿತ್ತು. ಅವಳು ಒಂದು ಮೂಲೆಯಿಂದ ಶುರುಮಾಡಿ ದಿನಕ್ಕೆ ಅಂಗೈಯಗಲ ಒರೆಸತೊಡಗಿದಳು.

ಕಷ್ಟ ಶುರುವಾದದ್ದು ಅಲ್ಲಿಂದ. ಒರೆಸಿದ ಅಂಗೈಯಗಲದ ಜಾಗದಿಂದ ಮೊದಲು ಒಂದು ಕೋಳಿ ಒಳಗೆ ನೋಡಿತು. ಎರಡು ದಿನ ಬಿಟ್ಟು ಮೊಮ್ಮಕ್ಕಳು ಮೂಗು ಒತ್ತಿ ನೋಡಿದವು. ಒಂದು ವಾರಕ್ಕೆ ಬೀದಿಯಲ್ಲಿ ಹೋಗುವವರಿಗೂ ಅವಳು ಕಾಣತೊಡಗಿದಳು. “ಏನು ಬಾತ್ಮಾ, ಇನ್ನೂ ತೊಳೀತಿದೀಯಾ?” ಎಂದು ಕೈ ಬೀಸಿದರು. ಅವಳೂ ಕೈ ಬೀಸಬೇಕಾಯಿತು. ತೊಳೆದರೆ ಮರೆ ಹೋಗುತ್ತದೆ, ತೊಳೆಯದಿದ್ದರೆ ಮಾತು ಹೋಗುತ್ತದೆ. ತೊಳೆದು ಮುಗಿದರೆ ಕ್ಯಾಬಿನ್ನೇ ಹೋಗುತ್ತದೆ. ಬಾತ್ಮಾ ಯೋಚಿಸಿ ಯೋಚಿಸಿ, ಕೊನೆಗೆ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸತೊಡಗಿದಳು.

ಜುಮಾದಿಲ್ ಟ್ರ್ಯಾಕ್ಟರ್ ತಂದ. “ಆಯ್ತಾ, ಅತ್ತಿಗೆ?”

“ಆಗ್ತಾ ಬಂತು.”

“ಗಾಜು ನೋಡಿದ್ರೆ ಫಳಫಳ ಅಂತಿದೆ.”

“ಕಣ್ಣಿನ ಮೇಲ್ಗಡೆ ಆಗಿದೆ. ರೆಪ್ಪೆ ಒಳಗೆ ಆಗಿಲ್ಲ. ನೀನು ಎಂದಾದ್ರೂ ತಲೆ ಶುಚಿ ಮಾಡಿದೀಯಾ?”

“ಇಲ್ಲ.”

“ಮತ್ತೆ?”

ಜುಮಾದಿಲ್ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಅವನು ಇನ್ನೊಮ್ಮೆ ಬಂದ. ಆಗ ಮೂಗಿನ ಹೊಳ್ಳೆ ಬಾಕಿ ಇತ್ತು. ಕ್ಯಾಬಿನ್ನಿಗೆ ಮೂಗು ಯಾವುದು ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಬುರುಲ್ಚಾ ಮಾತ್ರ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಾಜಿಗೆ ಮುಖ ತಂದು, “ಅತ್ತಿಗೆ, ನಿನ್ನ ಕಣ್ಣು ಕೆಂಪಾಗಿಲ್ವಲ್ಲ,” ಅಂದಳು.

“ಹೊಗೆ ಇಲ್ಲ ಇಲ್ಲಿ,” ಅಂದಳು ಬಾತ್ಮಾ.

ಬುರುಲ್ಚಾಳ ಕಣ್ಣು ಒಳಗಿನಿಂದ ಒತ್ತಿದ ಬಾಗಿಲ ಗುಂಡಿಯ ಮೇಲೆ ಬಿತ್ತು. ಅವಳ ಮನೆಯಲ್ಲೂ ಹತ್ತು ಜನ. “ಒಣಮೊಸರು ಇದ್ಯಾ?” ಎಂದು ಕೇಳಿದಳು. ಬಾತ್ಮಾ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ ಒಂದು ಉಂಡೆ ಕೊಟ್ಟಳು. ಬಾಗಿಲು ತೆಗೆಯಲಿಲ್ಲ. ಬುರುಲ್ಚಾ ಉಂಡೆಯನ್ನು ದವಡೆಗೆ ಸೇರಿಸಿ ಹೋದಳು. ಆದರೆ ಹೋಗುವ ದಾರಿಯಲ್ಲಿ ಹಿರಿಯಣ್ಣನ ಮನೆ ಹೊಕ್ಕಳು.

ಅಲ್ಲಿ ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ. ಮೊದಲ ಹಿಮ ಬಿದ್ದ ದಿನ ಸುಲ್ತಾನ್‌ಕುಲ್ ಕುದುರೆ ಏರಿ ತಾನೇ ಬಂದ, ಹಿಂದೆ ಟ್ರ್ಯಾಕ್ಟರಿನಲ್ಲಿ ಜುಮಾದಿಲ್. ತಿಲೆಕ್ ಓಡಿ ಬಂದು ಲಗಾಮು ಹಿಡಿದ. ಜಾರ್ಕಿನ್ ಹೊಸ್ತಿಲಲ್ಲಿ ನಿಂತಳು. ಬಾತ್ಮಾ ಕ್ಯಾಬಿನ್ನಿನೊಳಗಿದ್ದಳು. ಗಾಜು ಎಷ್ಟು ಶುಚಿಯಾಗಿತ್ತೆಂದರೆ, ಅವಳು ಹೊರಗೆ ಕೂತಿದ್ದಾಳೋ ಒಳಗೆ ಕೂತಿದ್ದಾಳೋ ತಿಳಿಯುವಂತಿರಲಿಲ್ಲ. ಭಾವ ಬಂದದ್ದು ಕಂಡು ಇಳಿಯಬೇಕಿತ್ತು. ಇಳಿದರೆ ಜುಮಾದಿಲ್ ಸರಪಳಿ ಕಟ್ಟುತ್ತಾನೆ. ಅವಳು ಇಳಿಯಲಿಲ್ಲ. ಸೀಟಿನ ಮೇಲೆಯೇ ಓರೆಯಾಗಿ ತಿರುಗಿ ಕೂತು ತಲೆವಸ್ತ್ರ ಸರಿಮಾಡಿಕೊಂಡಳು. ಮದುವೆಯಾದಂದಿನಿಂದ ಭಾವನ ಮುಂದೆ ಅವಳು ಮಾಡಿದ ಮೊದಲ ಅವಿಧೇಯತೆ ಅದು.

ಸುಲ್ತಾನ್‌ಕುಲ್ ದೂರದಲ್ಲೇ ನಿಂತು ಕೆಮ್ಮಿದ. ತಮ್ಮನ ಹೆಂಡತಿ ಒಬ್ಬಳೇ ಕೂತಲ್ಲಿಗೆ ಗಂಡಸು ಹತ್ತಿರ ಹೋಗುವ ಹಾಗಿಲ್ಲ.

“ಕೆಲಿನ್, ಆಯ್ತಾ?”

“ಕಿವಿ ಆಯ್ತು, ಅಕೆ. ಕಣ್ಣಾಯ್ತು.”

“ಇನ್ನೇನು ಉಳಿದಿದೆ?”

ಬಾತ್ಮಾ ಯೋಚಿಸಿದಳು. ಕುರಿಯ ತಲೆಯಲ್ಲಿ ತೊಳೆಯಬೇಕಾದದ್ದೆಲ್ಲವನ್ನೂ ಅವಳು ಜುಮಾದಿಲ್‌ಗೆ ಹೇಳಿ ಮುಗಿಸಿದ್ದಳು.

“ನಾನು,” ಅಂದಳು. “ನಾನು ಉಳಿದಿದೀನಿ.”

ಹಿಮ ಸಣ್ಣಗೆ ಬೀಳುತ್ತಿತ್ತು. ಟ್ರ್ಯಾಕ್ಟರು ಡುಗುಡುಗು ಅನ್ನುತ್ತಿತ್ತು. ಸುಲ್ತಾನ್‌ಕುಲ್ ಗಡ್ಡದ ಮೇಲಿನ ಹಿಮ ಒರೆಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಊಟದ ಹಾಸಿನ ಮುಂದೆ ಮಾತಾಡುವ ದನಿಯಲ್ಲಿ ಹೇಳಿದ:

“ತಲೆ ನನ್ನ ಪಾಲಿಗೆ ಬಂದಿದೆ. ತಲೆ ಬಂದವನು ಏನು ಮಾಡ್ಬೇಕು, ಜುಮಾದಿಲ್?”

“ಮೊದಲು ತಾನೊಂದು ಚೂರು ತಿನ್ಬೇಕು, ಅಕೆ.”

“ಆಮೇಲೆ?”

“ಆಮೇಲೆ ಮಿಕ್ಕಿದ್ದನ್ನ ತನಗೆ ಬೇಕಾದವರ ಮುಂದೆ ಇಡಬಹುದು.”

“ಎಡಗಿವಿ ಬಿಚ್ಚಿ ಕೊಡು.”

ಜುಮಾದಿಲ್ ಸ್ಪ್ಯಾನರ್ ತಂದು ಎಡಗಡೆಯ ಕನ್ನಡಿ ಬಿಚ್ಚಿದ. ಅವನು ಬಿಚ್ಚುವಷ್ಟು ಹೊತ್ತೂ ಬಾತ್ಮಾ ಗಾಜಿನ ಈ ಕಡೆಯಿಂದ ಅವನನ್ನು ನೋಡುತ್ತ ಕೂತಿದ್ದಳು. ಸುಲ್ತಾನ್‌ಕುಲ್ ಕನ್ನಡಿ ತೆಗೆದುಕೊಂಡು, ಅದರಲ್ಲಿ ತನ್ನ ಗಡ್ಡ ಒಮ್ಮೆ ನೋಡಿ, ಕೋಟಿನ ಒಳಗೆ ಸೇರಿಸಿದ.

“ರುಚಿ ನೋಡ್ದೆ,” ಅಂದ. “ಚೆನ್ನಾಗಿ ತೊಳೆದಿದಾರೆ. ಮಿಕ್ಕಿದ್ದು ತೊಳೆದವಳ ಮುಂದೆ ಇಡಿ.”

“ಅದು ಅವರ ಮುಂದೇನೇ ಇದೆ, ಅಕೆ,” ಅಂದ ತಿಲೆಕ್. “ಅವರು ಅದರೊಳಗೇ ಇದಾರೆ.”

“ಹಂಗಾದ್ರೆ ಸರಿಯಾಯ್ತು. ಟ್ರ್ಯಾಕ್ಟರ್ ನಿಲ್ಲಿಸು ಜುಮಾದಿಲ್, ಸುಮ್ನೆ ಎಣ್ಣೆ ಸುಡ್ತಿದೀಯ. ಜಾರ್ಕಿನ್, ಚಹಾ ಇದ್ಯಾ?”

ಗಂಡಸರು ಒಳಗೆ ಹೋದರು. ಬಾತ್ಮಾ ಎದೆಯ ಮೇಲೆ ಕೈಯಿಟ್ಟು, ಮುಚ್ಚಿದ ಗಾಜಿನ ಹಿಂದೆ, ಯಾರೂ ಇಲ್ಲದ ಅಂಗಳಕ್ಕೆ ತಲೆಬಾಗಿದಳು. ಆಮೇಲೆ ಚಿಂದಿಯನ್ನು ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ಹೊರಗಿಟ್ಟು, ಬಾಗಿಲು ಎಳೆದುಕೊಂಡಳು.

ಆ ದಿನದಿಂದ ಅವಳು ಗಾಜು ಒರೆಸಲಿಲ್ಲ. ಚಳಿಗಾಲವೆಲ್ಲ ಒಲೆಯ ಹೊಗೆ, ವಸಂತದಲ್ಲಿ ಬೀದಿಯ ಧೂಳು, ಕುರಿ ಮಂದೆ ಹೋಗುವಾಗ ಎದ್ದ ಮಣ್ಣು, ಎಲ್ಲ ಬಂದು ಕೂತವು. ಜಾರ್ಕಿನ್ ಒಮ್ಮೆ ನೀರು ತಂದು, “ಅಪಾ, ಗಾಜು ಕೊಳೆಯಾಗಿದೆ, ಒರೆಸಿ ಕೊಡ್ಲಾ?” ಅಂದಳು.

“ಬೇಡ,” ಅಂದಳು ಬಾತ್ಮಾ ಒಳಗಿನಿಂದ. “ಇನ್ನೊಂದು ಎರಡು ತಿಂಗಳು ಹಿಡಿಯುತ್ತೆ.”

“ಏನಕ್ಕೆ?”

“ಸರಿಯಾಗೋಕ್ಕೆ.”

ಜಾರ್ಕಿನ್ ನೀರನ್ನು ಕೋಳಿಗಳಿಗೆ ಇಟ್ಟು ಹೋದಳು. ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವ ಹೊತ್ತಿಗೆ ಗಾಜು ಪೂರ್ತಿ ಕಂದಾಗಿತ್ತು. ಒಳಗೆ ಯಾರಿದ್ದಾರೆ ಅನ್ನುವುದು ಹೊರಗಿನವರಿಗೆ ಸ್ವಲ್ಪವೂ ಕಾಣುತ್ತಿರಲಿಲ್ಲ.